ಸಮಾಜೋದ್ಯಮಿಗಳ ಬೆನ್ನಿಗೆ ನಿಂತ ವಲಸೆಗಾರ

‘ಉದ್ಯಮಿ’ ಎಂದೊಡನೆ ನಿಮ್ಮ ಕಣ್ಣಮುಂದೆ ಯಾರು ಬಂದು ನಿಲ್ಲುತ್ತಾರೆ? ಗಿರಣಿಯ ಒಡೆಯರು, ಕಾರಖಾನೆಯ ಯಜಮಾನರು, ಇಲ್ಲವೆ ಪೇಟೆಯ ದೊಡ್ಡ ಸಾಹುಕಾರರು. ಆದರೆ ಶಬ್ದದ ಮೂಲವನ್ನು ಕೆದಕಿ ನೋಡಿದರೆ ಉದ್ಯಮಕ್ಕೂ ಲಾಭಕ್ಕೂ ನಂಟೇ ಇಲ್ಲ. ‘ಉತ್’ ಎಂದರೆ ಮೇಲಕ್ಕೆ. ಉದ್ಯಮವೆಂದರೆ ಮೇಲಕ್ಕೆತ್ತುವುದು, ಕೆಲಸಕ್ಕಾಗಿ ಕೈಯೆತ್ತುವುದು, ಪ್ರಯತ್ನ. ಸುಮ್ಮನೆ ಕುಳಿತವನಿಗೆ ಎದುರಾಗಿ ಎದ್ದು ನಿಂತವನೇ ಉದ್ಯಮಿ. ರೂಪಾಯಿ ಆಣೆಗಳ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಆದುದರಿಂದ ‘ಸಾಮಾಜಿಕ ಉದ್ಯಮಿ’ ಎಂಬ ಹೊಸ ಮಾತು ಕಿವಿಗೆ ಬಿದ್ದಾಗ ನೀವು ಬೆಚ್ಚಬೇಕಾಗಿಲ್ಲ. ಹಳೆಯ ಅರ್ಥವೇ ಬೇರೆ ಬಾಗಿಲಿನಿಂದ ಮನೆಗೆ ಮರಳಿದೆ, ಅಷ್ಟೆ. ಬರೆಯುವ ಅನುಕೂಲಕ್ಕಾಗಿ ನಾನಿಲ್ಲಿ ‘ಸಮಾಜೋದ್ಯಮಿ’ ಎಂದು ಗುಣಸಂಧಿ ಮಾಡಿಕೊಂಡಿದ್ದೇನೆ.

ಸಮಾಜೋದ್ಯಮಿ ಯಾರು? ಹಸಿದವನಿಗೆ ಒಂದು ಹೊತ್ತು ಅನ್ನವಿಟ್ಟವನು ದಾನಿ. ಊರಿನ ಮಕ್ಕಳಿಗೆಲ್ಲ ನಿತ್ಯವೂ ತಪ್ಪದೆ ಅನ್ನ ಬರುವಂತೆ ಒಂದು ಕಟ್ಟುಪಾಡನ್ನು ನಿಲ್ಲಿಸಿದವನು ಸಮಾಜೋದ್ಯಮಿ. ಅವನಿಗೂ ಲೆಕ್ಕಪತ್ರ ಬೇಕು, ಕೆಲಸಗಾರರು ಬೇಕು, ಕಾಸು ಬೇಕು. ಕೊನೆಯಲ್ಲಿ ಉಳಿದದ್ದನ್ನು ಮನೆಗೆ ಒಯ್ಯುವುದಿಲ್ಲವೆಂಬುದೊಂದೇ ವ್ಯತ್ಯಾಸ. ಇಂಥವರನ್ನು ಹುಡುಕಿ ಅವರ ಬೆನ್ನಿಗೆ ನಿಲ್ಲುವ ಕೆಲಸಕ್ಕೆಂದೇ 1980ರಲ್ಲಿ ಅಮೆರಿಕದ ಬಿಲ್ ಡ್ರೇಟನ್ ಎಂಬವರು ಒಂದು ಸಂಸ್ಥೆಯನ್ನು ಹುಟ್ಟಿಹಾಕಿದರು. ಅದಕ್ಕೆ ಅವರಿಟ್ಟ ಹೆಸರು ‘ಅಶೋಕ’. ನಮ್ಮ ಮೌರ್ಯ ಸಮ್ರಾಟನ ಹೆಸರೇ. ಆ ಸಂಸ್ಥೆ ಮೊಟ್ಟಮೊದಲು ಆರಿಸಿದ್ದು ಮುಂಬಯಿಯ ಗ್ಲೋರಿಯಾ ಡಿಸೋಜಾ ಎಂಬ ಶಾಲಾ ಶಿಕ್ಷಕಿಯನ್ನು. ಬಾಯಿಪಾಠವನ್ನು ಬಿಡಿಸಿ ಸುತ್ತಲಿನ ಪರಿಸರದಿಂದಲೇ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಆಕೆ ರೂಪಿಸಿದ್ದರು. ಮೇಷ್ಟರ ವೃತ್ತಿಯವನಾದ ನನಗೆ ಈ ಸಂಗತಿಯನ್ನು ಬರೆಯುವಾಗ ಸ್ವಲ್ಪ ಹೆಮ್ಮೆಯೆನಿಸಿದರೆ ನೀವು ಮನ್ನಿಸಬೇಕು.

ನಾನು ಹೇಳಹೊರಟಿರುವುದು ಈ ದಾರಿಗೆ ಬಹಳ ಸುತ್ತು ಬಳಸಿ ಬಂದ ಇನ್ನೊಬ್ಬರ ವಿಷಯ. ಅವರು ಗುರುರಾಜ ದೇಶಪಾಂಡೆ. ಹುಬ್ಬಳ್ಳಿಯವರು. ವಿದೇಶಕ್ಕೆ ವಲಸೆ ಹೋದ ಎಂಜಿನಿಯರು, ಅಲ್ಲಿ ಕಂಪನಿಗಳನ್ನು ಕಟ್ಟಿ ಹಣ ಗಳಿಸಿದವರು. ಬಳಿಕ ಲಾಭವಿಲ್ಲದ ಸಂಸ್ಥೆಯೊಂದನ್ನು ನಡೆಸತೊಡಗಿದವರು. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಹಣವಂತರು ಧರ್ಮಛತ್ರ ಕಟ್ಟಿಸುವುದು ನಮಗೆ ಹೊಸದೇನಲ್ಲ. ತಾನು ಬಲ್ಲ ವಿದ್ಯೆಯನ್ನು ಹಾಗೆಯೇ ತಂದು ಇನ್ನೊಂದು ನೆಲದಲ್ಲಿ ನೆಡಲಾಗುವುದಿಲ್ಲವೆಂದು ಅವರು ಹೇಗೆ ಕಂಡುಕೊಂಡರು, ಕಂಡುಕೊಂಡ ಮೇಲೆ ಏನು ಮಾಡಿದರು ಎಂಬುದೇ ಇಲ್ಲಿ ವಿಚಾರಕ್ಕೆ ತಕ್ಕದ್ದು.

ದೇಶಪಾಂಡೆಯವರು ಹುಟ್ಟಿದ್ದು 1950ರಲ್ಲಿ. ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಏಕೀಕರಣವಾದದ್ದು ಇನ್ನು ಆರು ವರ್ಷದ ಮೇಲೆ. ತಂದೆಯವರು ಕಾರ್ಮಿಕ ಇಲಾಖೆಯ ಅಧಿಕಾರಿಗಳು. ಹುಡುಗ ಓದಿ ಮದರಾಸಿನ ಐ.ಐ.ಟಿ. ಸೇರಿದ. ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ತೆರೆದಿದ್ದ ಆ ವಿದ್ಯಾಲಯ ಆಗಿನ್ನೂ ಹೊಸದು. ವಿದ್ಯುತ್ ಎಂಜಿನಿಯರಿಂಗಿನಲ್ಲಿ 1973ರಲ್ಲಿ ಪದವಿ ಪಡೆದು, ಆ ಕಾಲದ ಅನೇಕ ಸಹಪಾಠಿಗಳಂತೆ ಅವರೂ ಕಡಲು ದಾಟಿದರು. ಹೆಚ್ಚಿನವರು ಅಮೆರಿಕಕ್ಕೆ ಹೋದರೆ ಇವರು ಹೋದದ್ದು ಕೆನಡಾ ದೇಶದ ಪೂರ್ವದಂಚಿನ ಫ್ರೆಡರಿಕ್ಟನ್ ಎಂಬ ಪಟ್ಟಣಕ್ಕೆ. ಸೇಂಟ್ ಜಾನ್ ನದಿಯ ದಂಡೆಯಲ್ಲಿರುವ ಈ ಪಟ್ಟಣ ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಸ್ಥಳದಷ್ಟು. ಚಳಿಗಾಲದಲ್ಲಿ ನದಿಯೇ ಹೆಪ್ಪುಗಟ್ಟುತ್ತದೆ. ಅಲ್ಲಿನ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಒಂಟಾರಿಯೋ ಸರೋವರದ ತೀರದ ಕಿಂಗ್‌ಸ್ಟನ್ನಿನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದಿಂದ 1979ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ ಕಂಪ್ಯೂಟರುಗಳ ನಡುವೆ ಸಮಾಚಾರ ಸಾಗಿಸುವ ವಿದ್ಯೆ.

ಹೊಸಬನಿಗೆ ಪರದೇಶದಲ್ಲಿ ಕುಲಗೋತ್ರ ಕೇಳುವವರಿಲ್ಲ, ಕೈಹಿಡಿದು ನಡೆಸುವವರೂ ಇಲ್ಲ. ಕೆಲಸವೇ ಅವನ ಪರಿಚಯಪತ್ರ. ದೇಶಪಾಂಡೆಯವರು ಮೊಟೊರೋಲಾ ಸಮೂಹಕ್ಕೆ ಸೇರಿದ್ದ ಕೋಡೆಕ್ಸ್ ಎಂಬ ಕಂಪನಿಯ ಮೂಲಕ ಉದ್ಯೋಗಕ್ಕೆ ಇಳಿದರು. 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನಕ್ಕೆ ಬಂದರು. ಕೆಲವು ವರ್ಷಗಳ ಮೇಲೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ‘ಕೋರಲ್ ನೆಟ್‌ವರ್ಕ್ಸ್’ ಎಂಬ ಕಂಪನಿಯನ್ನು ಕೂಡಿ ಆರಂಭಿಸಿದರು. ಜೊತೆಗಾರರೊಡನೆ ಅಭಿಪ್ರಾಯ ಕೂಡಿಬರಲಿಲ್ಲ. ತಾವೇ ಕಟ್ಟಿದ ಮನೆಯಿಂದ ತಾವೇ ಹೊರಬರಬೇಕಾಯಿತು. ಜೀವನಚರಿತ್ರೆಗಳಲ್ಲಿ ಇಂಥ ಅಧ್ಯಾಯವನ್ನು ಎರಡು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಆದರೆ ಮಧ್ಯವಯಸ್ಸಿಗೆ ಕಾಲಿಡುತ್ತಿರುವ ಸಂಸಾರಸ್ಥನೊಬ್ಬ, ಬೇರೆಯವರ ನಾಡಿನಲ್ಲಿ, ಸಂಬಳದ ಕೆಲಸ ಬಿಟ್ಟು, ಮೊದಲ ಯತ್ನದಲ್ಲೇ ಬರಿಗೈಯಾಗುವುದೆಂದರೇನೆಂದು ನೀವೇ ಯೋಚಿಸಿ ನೋಡಿ. ಹೊಸದಾಗಿ ಏನನ್ನಾದರೂ ಆರಂಭಿಸುವವನಿಗೆ ಬಂಡವಾಳಕ್ಕಿಂತ ಮೊದಲು ಬೇಕಾಗುವುದು ಸರಿಯಾದ ಜೊತೆ. ಇದನ್ನು ಅವರು ಪುಸ್ತಕದಿಂದ ಕಲಿತದ್ದಲ್ಲವೆಂದು ನಾನು ತಿಳಿಯುತ್ತೇನೆ.

ಮರುಯತ್ನ 1990ರಲ್ಲಿ. ಕಂಪನಿಯ ಹೆಸರು ಕ್ಯಾಸ್ಕೇಡ್. ಅದು ಮಾಡಿದ್ದು ಸಮಾಚಾರದ ದಾರಿಗಳನ್ನು ಕೂಡಿಸುವ ಯಂತ್ರಗಳನ್ನು. ಇದನ್ನು ಒಂದಿಷ್ಟು ಬಿಡಿಸಿ ಹೇಳುತ್ತೇನೆ. ಹಿಂದೆ ಮುಂಬಯಿಯ ಕಚೇರಿಯೊಂದು ದೆಹಲಿಯ ತನ್ನ ಶಾಖೆಯೊಡನೆ ಕಂಪ್ಯೂಟರಿನಲ್ಲಿ ವ್ಯವಹರಿಸಬೇಕಾದರೆ ಇಡೀ ಒಂದು ತಂತಿಯನ್ನು ತನಗೇ ಮೀಸಲಾಗಿ ಬಾಡಿಗೆಗೆ ಹಿಡಿಯಬೇಕಾಗಿತ್ತು. ಒಬ್ಬನೇ ಪ್ರಯಾಣಿಕನಿಗಾಗಿ ಹೆದ್ದಾರಿಯನ್ನೇ ಮುಚ್ಚಿದಂತೆ. ಹೊಸ ಕ್ರಮದಲ್ಲಿ ಸಮಾಚಾರವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು, ಒಂದೊಂದು ಕಟ್ಟಿನ ಮೇಲೂ ವಿಳಾಸ ಬರೆದು, ಎಲ್ಲರ ಕಟ್ಟುಗಳನ್ನೂ ಒಂದೇ ರಸ್ತೆಯಲ್ಲಿ ಬಿಡುತ್ತಾರೆ. ಅಡ್ಡದಾರಿ ಕೂಡುವ ಕಡೆ ವಿಳಾಸ ನೋಡಿ ಆಯಾ ಕಟ್ಟನ್ನು ಆಯಾ ದಿಕ್ಕಿಗೆ ತಳ್ಳುವ ಯಂತ್ರ ಬೇಕಷ್ಟೆ. ಅದೇ ಕ್ಯಾಸ್ಕೇಡಿನ ಸರಕು. ಅಂತರ್ಜಾಲ ಬೆಳೆಯುತ್ತಿದ್ದ ಕಾಲ; 1997ರಲ್ಲಿ ಅಸೆಂಡ್ ಎಂಬ ಕಂಪನಿ 370 ಕೋಟಿ ಡಾಲರುಗಳಿಗೆ ಕ್ಯಾಸ್ಕೇಡನ್ನು ಕೊಂಡಿತು.

ಮರುವರ್ಷ ಆರಂಭಿಸಿದ ಸಿಕಮೋರ್ ಕಂಪನಿಯದು ಬೆಳಕಿನ ವ್ಯವಹಾರ. ಕೂದಲಿನಂತೆ ತೆಳುವಾದ ಗಾಜಿನ ಎಳೆಯೊಳಗೆ ಬೆಳಕಿನ ರೂಪದಲ್ಲಿ ಸಮಾಚಾರ ಸಾಗುತ್ತದೆ. ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕುಗಳನ್ನು ಬಿಟ್ಟರೆ ಒಂದಕ್ಕೊಂದು ಬೆರೆಯದೆ ಹೋಗುತ್ತವೆ. ರೇಡಿಯೋ ಇಟ್ಟುಕೊಂಡಿರುವ ನಿಮಗೆ ಇದು ಕಷ್ಟದ ಮಾತಲ್ಲ. ಧಾರವಾಡವೂ ಬೆಂಗಳೂರೂ ಒಂದೇ ಆಕಾಶದಲ್ಲಿ ತಮ್ಮ ತಮ್ಮ ತರಂಗಾಂತರದ ಮೇಲೆ ಬರುತ್ತವೆ. ನೀವು ಗುಂಡಿ ತಿರುಗಿಸಿ ಬೇಕಾದುದನ್ನು ಆರಿಸಿಕೊಳ್ಳುತ್ತೀರಿ. ಗಾಜಿನ ಎಳೆಯಲ್ಲಿ ನಡೆಯುವುದೂ ಇದೇ ಆಟ. ಸಿಕಮೋರಿನ ಷೇರು 1999ರ ಅಕ್ಟೋಬರಿನಲ್ಲಿ ಪೇಟೆಗೆ ಬಂದಿತು. 38 ಡಾಲರಿಗೆ ಕೊಟ್ಟ ಷೇರು ಆ ದಿನದ ಸಂಜೆಗೆ 180 ಡಾಲರನ್ನು ದಾಟಿತ್ತು. ದೇಶಪಾಂಡೆಯವರ ಹೆಸರು ಅಮೆರಿಕದ ಅತಿ ಶ್ರೀಮಂತರ ಪಟ್ಟಿಗೆ ಏರಿತು. ಎರಡು ವರ್ಷ ಕಳೆಯುವುದರೊಳಗೆ ಆ ಬೆಲೆ ಹತ್ತು ಡಾಲರಿಗಿಂತ ಕೆಳಗೆ ಕುಸಿಯಿತು. ಗಾಜಿನ ಎಳೆಗಳನ್ನು ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೂತುಬಿಟ್ಟಿದ್ದರು. ಯಂತ್ರ ಕೊಳ್ಳುವವರೇ ಇರಲಿಲ್ಲ. ಕೊನೆಗೆ 2013ರಲ್ಲಿ ಕಂಪನಿಯನ್ನು ವಿಸರ್ಜಿಸಲು ಷೇರುದಾರರು ಒಪ್ಪಿದರು. ವಿದ್ಯೆಯಲ್ಲಿ ದೋಷವಿರಲಿಲ್ಲ. ಆ ಹೊತ್ತಿಗೆ, ಆ ಪ್ರಮಾಣದಲ್ಲಿ, ಅದು ಯಾರಿಗೂ ಬೇಕಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಹುಬ್ಬಳ್ಳಿಗೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ದೇಶಪಾಂಡೆ ಪ್ರತಿಷ್ಠಾನ ಹುಟ್ಟಿದ್ದು 1996ರಲ್ಲಿ, ಅಂದರೆ ಕ್ಯಾಸ್ಕೇಡ್ ಮಾರಾಟವಾಗುವುದಕ್ಕೂ ಮುಂಚೆ. ಪತ್ನಿ ಜಯಶ್ರೀಯವರು ಇದರ ಸಹಸಂಸ್ಥಾಪಕರು. ಲೇಖಕಿ ಸುಧಾ ಮೂರ್ತಿಯವರ ಸೋದರಿ ಎಂದರೆ ನಿಮಗೆ ಬೇಗ ಗುರುತು ಹತ್ತೀತು. ಪ್ರತಿಷ್ಠಾನದ ಆರಂಭದ ದೊಡ್ಡ ಕೆಲಸಗಳಲ್ಲಿ ಒಂದು ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ 2002ರಲ್ಲಿ ತೆರೆದ ಕೇಂದ್ರ. ಪ್ರಾಧ್ಯಾಪಕರು ಪ್ರಯೋಗಶಾಲೆಯಲ್ಲಿ ಏನನ್ನೋ ಕಂಡುಹಿಡಿಯುತ್ತಾರೆ, ಪ್ರಬಂಧ ಅಚ್ಚಾಗುತ್ತದೆ, ವಸ್ತು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಅಂಥವರಿಗೆ ಒಂದಿಷ್ಟು ಹಣವನ್ನೂ, ಪೇಟೆ ಬೀದಿಯನ್ನು ಬಲ್ಲ ಒಬ್ಬ ಅನುಭವಿಯ ಜೊತೆಯನ್ನೂ ಕೊಟ್ಟು, ‘ಇದು ಯಾರಿಗೆ ಬೇಕು, ವಿಚಾರಿಸಿಕೊಂಡು ಬನ್ನಿ’ ಎಂದು ಕಳಿಸುವುದೇ ಆ ಕೇಂದ್ರದ ರೀತಿ.

ಇದೇ ರೀತಿ ಹುಬ್ಬಳ್ಳಿಗೂ ಸಲ್ಲುವುದೆ? ಇಲ್ಲವೆಂದು ಬೇಗನೆ ತಿಳಿಯಿತು. ಎಂ.ಐ.ಟಿ.ಯಲ್ಲಿ ಹೊಸ ಯೋಚನೆಗಳಿಗೆ ಬರವಿಲ್ಲ, ಅವುಗಳಿಗೆ ತಕ್ಕ ಗಿರಾಕಿಯನ್ನು ಹುಡುಕಬೇಕು. ಧಾರವಾಡ ಗದಗಗಳ ಹಳ್ಳಿಗಳಲ್ಲಿ ಕಷ್ಟಗಳಿಗೆ ಬರವಿಲ್ಲ, ಅವುಗಳಿಗೆ ತಕ್ಕ ಯೋಚನೆಯನ್ನು ಹುಡುಕಬೇಕು. ಬಾಸ್ಟನ್ನಿನಲ್ಲಿ ಕುಳಿತು ಬರೆದ ಉತ್ತರ ನವಲಗುಂದದ ಹೊಲಕ್ಕೆ ಒಗ್ಗುವುದಿಲ್ಲ. ಯೋಚನೆ ಎಷ್ಟೇ ಹೊಸದಾಗಿದ್ದರೂ ಅದು ಆ ಜಾಗಕ್ಕೆ ಹೊಂದಿದರೆ ಮಾತ್ರ ಫಲವುಂಟು ಎಂಬುದು ದೇಶಪಾಂಡೆಯವರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳಿದ ಮಾತಿನ ತಾತ್ಪರ್ಯ. ಹೀಗಾಗಿ 2007ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಅವರು ಆರಂಭಿಸಿದ್ದಕ್ಕೆ ‘ಸ್ಯಾಂಡ್‌ಬಾಕ್ಸ್’ ಎಂದು ಹೆಸರಿಟ್ಟರು. ಇಂಗ್ಲಿಷರ ಮನೆಗಳಲ್ಲಿ ಮಕ್ಕಳು ಆಡುವುದಕ್ಕೆ ಮರಳು ತುಂಬಿದ ಚೌಕಟ್ಟು ಇರುತ್ತದೆ. ಗೂಡು ಕಟ್ಟಿದರು, ಬಿದ್ದಿತು, ಮತ್ತೆ ಕಟ್ಟಿದರು, ಯಾರಿಗೂ ನಷ್ಟವಿಲ್ಲ. ನಮ್ಮ ಮಕ್ಕಳಿಗೆ ಹೊಳೆಯ ದಂಡೆಯೇ ಇದ್ದುದರಿಂದ ಪೆಟ್ಟಿಗೆ ಬೇಕಾಗಲಿಲ್ಲ, ಶಬ್ದವೂ ಹುಟ್ಟಲಿಲ್ಲ. ‘ಮರಳಿನ ಅಂಗಳ’ ಎನ್ನೋಣ. ಸುತ್ತಲಿನ ಕೆಲವು ಜಿಲ್ಲೆಗಳನ್ನು ಇಂಥ ಒಂದು ಅಂಗಳವೆಂದು ಭಾವಿಸಿ, ಬೇರೆಡೆ ಒಳ್ಳೆಯ ಕೆಲಸ ಮಾಡಿದ ಸಂಸ್ಥೆಗಳನ್ನು ಕರೆತರುವುದು, ಊರಿನವರಲ್ಲೇ ಹೊಸಬರನ್ನು ತಯಾರು ಮಾಡುವುದು, ಬಿದ್ದರೆ ಬೀಳಲು ಬಿಡುವುದು: ಇದು ಯೋಜನೆ.

ಹೊರಗಿನಿಂದ ಬಂದ ಕೆಲಸಕ್ಕೆ ಒಂದು ಉದಾಹರಣೆ ಅಕ್ಷಯಪಾತ್ರ. ಬೆಂಗಳೂರಿನಲ್ಲಿ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳ ಊಟದಿಂದ ಆರಂಭವಾದ ಸಂಸ್ಥೆಯಿದು. ಮರುವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಅದು ‘ಅಕ್ಷರ ದಾಸೋಹ’ವಾಯಿತು. ಅಕ್ಷಯಪಾತ್ರದ ಅಮೆರಿಕದ ಶಾಖೆಯನ್ನು ಮುನ್ನಡೆಸಿದವರಲ್ಲಿ ದೇಶಪಾಂಡೆಯವರೂ ಒಬ್ಬರು. ಹುಬ್ಬಳ್ಳಿಯಲ್ಲಿ ಆ ಸಂಸ್ಥೆ ಕಟ್ಟಿದ ಅಡಿಗೆಮನೆ ನೋಡತಕ್ಕದ್ದು. ಧಾನ್ಯವನ್ನು ಯಂತ್ರದಿಂದ ಮೇಲಂತಸ್ತಿಗೆ ಏರಿಸುತ್ತಾರೆ. ಅಲ್ಲಿಂದ ಕೆಳಗಿಳಿಯುತ್ತಾ ಅಕ್ಕಿ ತೊಳೆದು, ಉಗಿಯ ಹಂಡೆಗಳಲ್ಲಿ ಬೆಂದು, ಅನ್ನವಾಗಿ ಜಾರುದೋಣಿಯ ಮೂಲಕ ಕೆಳಗಿನ ಪಾತ್ರೆಗಳಿಗೆ ಬೀಳುತ್ತದೆ. ಭೂಮಿಯ ಸೆಳೆತವೇ ಅರ್ಧ ಆಳಿನ ಕೆಲಸ ಮಾಡುತ್ತದೆ. ಲಕ್ಷಕ್ಕೂ ಮಿಕ್ಕಿದ ಮಕ್ಕಳಿಗೆ ಅಡಿಗೆ ಮಾಡುವ ಶಕ್ತಿ ಅದಕ್ಕಿದೆ. ದವಸ ಸರ್ಕಾರದ್ದು, ಖರ್ಚಿನ ಒಂದು ಪಾಲೂ ಸರ್ಕಾರದ್ದು. ಕಟ್ಟಡ, ಯಂತ್ರ, ಉಳಿದ ಖರ್ಚು ದಾನಿಗಳದು.

ಹೊಗಳಿಕೆಯ ನಡುವೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಕ್ಷಯಪಾತ್ರದ ಅಡಿಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲವೆಂಬುದು 2019ರ ಸುಮಾರಿಗೆ ಕರ್ನಾಟಕದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಮಕ್ಕಳ ಬಾಯಿಗೆ ಹಿಡಿಸುವ ರುಚಿ ಯಾರು ನಿರ್ಧರಿಸಬೇಕು, ಅಡಿಗೆ ಮಾಡುವವರೋ, ಉಣ್ಣುವವರೋ ಎಂಬುದೇ ಪ್ರಶ್ನೆ. ಒಂದೇ ಹಂಡೆಯಲ್ಲಿ ಲಕ್ಷ ಮಂದಿಗೆ ಬೇಯಿಸಿದರೆ ಅನ್ನ ಅಗ್ಗವಾಗುತ್ತದೆ, ಶುಚಿಯಾಗುತ್ತದೆ. ಮನೆಯ ಕೈರುಚಿ ಮಾತ್ರ ದೂರವಾಗುತ್ತದೆ. ಜಾಗಕ್ಕೆ ಹೊಂದುವ ಕೆಲಸವೇ ಕೆಲಸವೆಂದ ಮೇಲೆ, ಈ ಪ್ರಶ್ನೆಯನ್ನು ಬದಿಗಿಡಲು ಬರುವುದಿಲ್ಲವೆಂದು ನನ್ನ ಅಭಿಪ್ರಾಯ.

ನೆಲಕ್ಕೆ ನೆಟ್ಟಗೆ ಹೊಂದಿದ್ದು ಕೃಷಿಹೊಂಡ. ನವಲಗುಂದದ ಕಡೆಯ ಎರೆಭೂಮಿ ನಿಮಗೆ ಗೊತ್ತಿರಬಹುದು. ಮಳೆ ಬಂದರೆ ಕಾಲು ಕೀಳಲಾಗದ ಕೆಸರು, ಹೋದರೆ ಕೈ ತೂರುವಷ್ಟು ಬಿರುಕು. ಬಾವಿ ತೋಡಿದರೆ ಹಲವೆಡೆ ಸವಳು ನೀರು. ಆದರೆ ಇದೇ ಕರಿಮಣ್ಣಿಗೆ ಒಂದು ಗುಣವಿದೆ. ನೆನೆದ ಮೇಲೆ ಅದು ಉಬ್ಬಿ ಒತ್ತಾಗಿ, ನೀರು ಬೇಗ ಇಂಗದಂತೆ ತಡೆಯುತ್ತದೆ. ಕೆಂಪುಮಣ್ಣಿನಲ್ಲಿ ತೋಡಿದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಎರೆಯಲ್ಲಿ ಬೇಕಾಗಿಲ್ಲ. ನೂರು ಅಡಿ ಉದ್ದ, ನೂರು ಅಡಿ ಅಗಲ, ಹನ್ನೆರಡು ಅಡಿ ಆಳದ ಹೊಂಡ ತೋಡಿ ಬದಿಗಳನ್ನು ಇಳಿಜಾರಾಗಿ ಬಿಟ್ಟರೂ ಸುಮಾರು 25 ಲಕ್ಷ ಲೀಟರು ನೀರು ನಿಂತೀತು. ನೀವೇ ಕಾಗದದ ಮೇಲೆ ಗುಣಿಸಿ ನೋಡಬಹುದು. ಮಳೆ ಕೈಕೊಟ್ಟ ಎರಡು ವಾರ ಬೆಳೆಯನ್ನು ಉಳಿಸಿಕೊಳ್ಳಲು, ಒಂದಿಷ್ಟು ಕಾಯಿಪಲ್ಯೆ ತೆಗೆಯಲು ಇದು ಸಾಕು. ಪ್ರತಿಷ್ಠಾನ ಹೊಂಡ ತೋಡುವ ಯಂತ್ರಗಳನ್ನು ಒದಗಿಸಿತು. ರೈತನೂ ತನ್ನ ಪಾಲಿನ ಹಣ ಹಾಕಬೇಕೆಂದಿತು. ಪುಕ್ಕಟೆ ತೋಡಿಸಿದ ಹೊಂಡದಲ್ಲಿ ಹೂಳು ತುಂಬಿದರೆ ಯಾರೂ ತೆಗೆಯುವುದಿಲ್ಲ. ತನ್ನ ದುಡ್ಡು ಬಿದ್ದಿರುವ ಹೊಂಡದ ದಂಡೆಗೆ ರೈತ ದಿನವೂ ಹೋಗಿ ನಿಂತು ಬರುತ್ತಾನೆ. ಹೊಂಡದಲ್ಲಿ ಹೊಸ ವಿದ್ಯೆಯೇನೂ ಇಲ್ಲವೆಂದು ನೀವು ಹೇಳಬಹುದು. ನಿಜ, ನಮ್ಮ ಹಿರಿಯರಿಗೂ ಗೊತ್ತಿತ್ತು. ಬೆಳಕಿನ ಬಣ್ಣ ಬೇರ್ಪಡಿಸುವ ಯಂತ್ರ ಮಾಡಿದವರು ಕೊನೆಗೆ ಮಣ್ಣು ಅಗೆಯುವುದಕ್ಕೆ ಒಪ್ಪಿದರಲ್ಲ, ಅದೇ ನನಗೆ ಹಿಡಿಸಿದ್ದು.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಊರಿನ ತರುಣರಲ್ಲಿ ಸಮಾಜೋದ್ಯಮಿಗಳನ್ನು ಕಂಡುಹಿಡಿಯುವುದು. ಜನರಲ್ಲಿ ಮೂರು ತೆರವೆಂದು ದೇಶಪಾಂಡೆಯವರು ಹೇಳುವುದುಂಟು: ತೊಂದರೆ ಕಣ್ಣಿಗೇ ಬೀಳದವರು, ಕಂಡು ಗೊಣಗುವವರು, ಕಂಡೊಡನೆ ಹುರುಪಿನಿಂದ ಕೈಹಾಕುವವರು. ಎರಡನೆಯ ತರದವರನ್ನು ಮೂರನೆಯ ಸಾಲಿಗೆ ತರುವುದಕ್ಕಾಗಿಯೇ ಕಾಲೇಜು ವಿದ್ಯಾರ್ಥಿಗಳಿಗೆ ‘ಲೀಡ್’ ಎಂಬ ಕಾರ್ಯಕ್ರಮ ನಡೆಯಿತು. ವಿದ್ಯಾರ್ಥಿ ತನ್ನ ಸುತ್ತಲಿನ ಒಂದು ತೊಂದರೆಯನ್ನು ತಾನೇ ಆರಿಸಬೇಕು, ಪರಿಹಾರವನ್ನು ತಾನೇ ಬರೆಯಬೇಕು. ಒಪ್ಪಿಗೆಯಾದರೆ ಒಂದು ಸಣ್ಣ ಮೊತ್ತ ಕೈಗೆ ಬರುತ್ತದೆ. ಲೆಕ್ಕ ಒಪ್ಪಿಸಬೇಕು. ಕೆಲಸ ಕೆಟ್ಟರೆ ಶಿಕ್ಷೆಯಿಲ್ಲ. ಪದವಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಕೆಲವು ತಿಂಗಳು ಅಲ್ಲೇ ಇರಿಸಿಕೊಂಡು ಮಾತು, ಲೆಕ್ಕ, ಸಂಸ್ಥೆ ನಡೆಸುವ ಕ್ರಮ ಕಲಿಸುವ ಏರ್ಪಾಡೂ ಆಯಿತು. ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನ್ನಂಥವರಿಗೆ, ತಪ್ಪಿಗೂ ಹಣ ಕೊಡುವ ಈ ಪಾಠಶಾಲೆ ಮೊದಲು ವಿಚಿತ್ರವಾಗಿಯೇ ಕಂಡಿತು.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ದೇಶದ ಹಣದಿಂದ ಓದಿ ಹೊರಗೆ ಹೋದವರು ತಿರುಗಿ ಒಂದಿಷ್ಟು ಕೊಟ್ಟರೆ ಋಣ ತೀರಿತೆ? ನನಗೂ ಈ ಪ್ರಶ್ನೆ ಬಂದದ್ದುಂಟು. ತೀರಿತೆಂದು ಹೇಳಲಾರೆ. ನೀರು, ಶಾಲೆ, ಊಟ ಇವು ಸರ್ಕಾರದ ಹೊಣೆ; ದಾನಿಯ ಮನಸ್ಸು ಬದಲಾದರೆ ನಿಂತುಹೋಗಬಾರದವು. ಆದರೆ ಹೊಸದೊಂದನ್ನು ಮಾಡಿ ನೋಡಿ, ಕೆಟ್ಟರೆ ಬಿಟ್ಟು ಇನ್ನೊಂದನ್ನು ಹಿಡಿಯುವ ಸ್ವಾತಂತ್ರ್ಯ ಸರ್ಕಾರದ ಖಜಾನೆಗಿಲ್ಲ. ಲೆಕ್ಕಪರಿಶೋಧಕರು ಸುಮ್ಮನಿರುವುದಿಲ್ಲ. ಆ ಒಂದು ಕೆಲಸಕ್ಕೆ ಮಾತ್ರ ಇಂಥ ಹಣ ತಕ್ಕದ್ದು. ಕೃಷಿಹೊಂಡಗಳಿಗೆ 2014ರಲ್ಲಿ ರಾಜ್ಯ ಸರ್ಕಾರವೇ ‘ಕೃಷಿ ಭಾಗ್ಯ’ವೆಂಬ ಯೋಜನೆ ತಂದಿತು. ಆ ಪ್ರಮಾಣದ ಕೆಲಸ ಯಾವ ಪ್ರತಿಷ್ಠಾನಕ್ಕೂ ಆಗುವಂಥದಲ್ಲ.

ಕೊಡುವುದು ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲವೆಂಬುದು ಇನ್ನೊಂದು ವಿಶೇಷ. ಹುಬ್ಬಳ್ಳಿಯಲ್ಲಿ ಹಾಕಿದ ಮರಳಿನ ಅಂಗಳವನ್ನು 2010ರ ಸುಮಾರಿಗೆ ಅವರು ತಾವು ನೆಲೆಸಿದ ಮ್ಯಾಸಚೂಸೆಟ್ಸಿಗೆ ಒಯ್ದರು. ಅಲ್ಲಿ ಮೆರಿಮ್ಯಾಕ್ ನದಿಯ ಮೇಲೆ ಲೋವೆಲ್, ಲಾರೆನ್ಸ್ ಎಂಬ ಎರಡು ಊರುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ನೀರಿನ ಬಲದಿಂದ ಬಟ್ಟೆ ಗಿರಣಿಗಳು ನಡೆದು ಹೆಸರಾದವು. ಬಳಿಕ ಗಿರಣಿಗಳು ಮುಚ್ಚಿ ಬಡತನ ಕವಿಯಿತು. ನಮ್ಮ ಹುಬ್ಬಳ್ಳಿಯ ಗಿರಣಿ ಚಾಳವನ್ನು ಬಲ್ಲವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಖಾಲಿಯಾದ ಮನೆಗಳಿಗೆ ಬಂದವರು ಹೊಸ ವಲಸೆಗಾರರು: ಲೋವೆಲ್ಲಿಗೆ ಕಾಂಬೋಡಿಯಾದ ನಿರಾಶ್ರಿತರು, ಲಾರೆನ್ಸಿಗೆ ಡೊಮಿನಿಕನ್ ಗಣರಾಜ್ಯದವರು. ಅವರಿಗೆ ಅಂಗಡಿಯೋ, ಶಿಶುವಿಹಾರವೋ, ಊಟದ ಗಾಡಿಯೋ ಆರಂಭಿಸಲು ತರಬೇತಿಯನ್ನೂ ಮಾರ್ಗದರ್ಶಕರನ್ನೂ ಒದಗಿಸುವುದು ಆ ಸಂಸ್ಥೆಯ ಕೆಲಸ. ‘ಎಲ್ಲರಿಗೂ ಉದ್ಯಮ’ ಎಂಬರ್ಥದ ‘ಇ ಫಾರ್ ಆಲ್’ ಎಂಬ ಹೆಸರನ್ನು ಅದು ಆಮೇಲೆ ತಳೆಯಿತು. ಇಂಗ್ಲಿಷ್ ಬಾರದವರಿಗಾಗಿ ಸ್ಪ್ಯಾನಿಷ್ ಭಾಷೆಯಲ್ಲೇ ಬೇರೊಂದು ತರಗತಿ ನಡೆಸಿದರು. ಮಾತೃಭಾಷೆಯಲ್ಲಿ ಲೆಕ್ಕ ಕಲಿತವನಿಗೆ ಲೆಕ್ಕ ಬೇಗ ಹತ್ತುತ್ತದೆಂಬುದು ಅಮೆರಿಕದಲ್ಲೂ ನಿಜವೇ!

ಹೊಸದನ್ನು ಆರಂಭಿಸುವವರಿಗೆ ದೇಶ ಹೇಗೆ ನೆರವಾಗಬೇಕೆಂದು ಸಲಹೆ ಕೊಡಲು ಒಬಾಮಾ ಸರ್ಕಾರ 2010ರಲ್ಲಿ ನೇಮಿಸಿದ ರಾಷ್ಟ್ರೀಯ ಮಂಡಲಿಗೆ ದೇಶಪಾಂಡೆಯವರು ಸಹಾಧ್ಯಕ್ಷರಾದರು. ಇದು ಗೌರವದ ಮಾತು, ಪತ್ರಿಕೆಗಳಲ್ಲಿ ಬಂದದ್ದು. ಅಷ್ಟಾಗಿ ಸುದ್ದಿಯಾಗದಿದ್ದದ್ದು ಮರುವರ್ಷದ ಸಂಗತಿ. ಅವರು 1973ರಲ್ಲಿ ವಿದ್ಯಾರ್ಥಿಯಾಗಿ ಬಂದಿಳಿದಿದ್ದ ಫ್ರೆಡರಿಕ್ಟನ್ನಿನ ಅದೇ ವಿಶ್ವವಿದ್ಯಾಲಯದಲ್ಲಿ, ಆ ಪ್ರಾಂತದವರೇ ಆದ ಜೆರಿ ಪಾಂಡ್ ಎಂಬ ಉದ್ಯಮಿಯೊಡನೆ ಕೂಡಿ ಒಂದು ಕೇಂದ್ರವನ್ನು ತೆರೆದರು. ಅದರ ಹೆಸರು ‘ಪಾಂಡ್–ದೇಶಪಾಂಡೆ ಕೇಂದ್ರ’. ಪಾಂಡ್ ಎಂದರೆ ಇಂಗ್ಲಿಷಿನಲ್ಲಿ ಹೊಂಡವೆಂದೇ ಅರ್ಥ. ನವಲಗುಂದದ ಹೊಂಡಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ, ಅದು ಆ ಮಹನೀಯರ ಮನೆತನದ ಹೆಸರು. ಕಾಡು, ಮೀನುಗಾರಿಕೆ, ಆಲೂಗಡ್ಡೆ ಇವನ್ನೇ ಬಹುಮಟ್ಟಿಗೆ ನಂಬಿದ ಆ ಚಿಕ್ಕ ಪ್ರಾಂತದಿಂದಲೂ ಓದಿದ ಹುಡುಗರು ನಮ್ಮ ಹುಡುಗರಂತೆಯೇ ದೂರದ ನಗರಗಳಿಗೆ ಹೊರಟುಹೋಗುತ್ತಾರೆ. ಊರಿನ ತೊಂದರೆಗೆ ಕೈಹಾಕಬೇಕೆಂಬ ತರುಣರಿಗೆ ಅಲ್ಲೇ ಉಳಿಯಲು ಒಂದು ಕಾರಣ ಒದಗಿಸುವುದು ಆ ಕೇಂದ್ರ ಹಿಡಿದ ಕೆಲಸ.